ಚರ್ಮವೈದ್ಯದಲ್ಲಿ ಗುರುಪರಂಪರೆ ಮತ್ತು ಆರೋಗ್ಯ ಸಮಾನತೆ

ಶರೀರದ ಅಂಗಗಳಲ್ಲಿ ಚರ್ಮವು ಅತ್ಯಂತ ವಿಸ್ತಾರವಾದುದು, ಎಲ್ಲರ ಕಣ್ಣಿಗೂ ಕಾಣುವಂತಹುದು. ಯಕೃತ್ತಿನ ಅಥವಾ ಹೃದಯದ ರೋಗವುಳ್ಳವನು ಸಭೆಯಲ್ಲಿ ಎಲ್ಲರೊಡನೆ ಕುಳಿತುಕೊಳ್ಳಬಲ್ಲನು. ಚರ್ಮರೋಗಿಯ ಸ್ಥಿತಿ ಬೇರೆ. ರೋಗವನ್ನು ಮರೆಮಾಡಲಾಗದೆ ಆತನು ತನ್ನನ್ನೇ ಮರೆಮಾಡಿಕೊಳ್ಳುತ್ತಾನೆ. ಜಾತ್ರೆಗೆ, ಮದುವೆಗೆ, ಪ್ರಸಾದದ ಪಂಕ್ತಿಗೆ ಬಾರದೆ ಉಳಿಯುತ್ತಾನೆ. ಕಡೆಗೆ ವೈದ್ಯರ ಬಳಿಗೂ ಬಾರದೆ ಉಳಿಯುತ್ತಾನೆ.

ಹೀಗೆ ಬಾರದೆ ಉಳಿದವರನ್ನು ತಲುಪುವುದೇ ಆರೋಗ್ಯ ಸಮಾನತೆಯ ತಿರುಳು. ಎಲ್ಲರಿಗೂ ಒಂದೇ ಅಳತೆಯ ಔಷಧವನ್ನು ಹಂಚುವುದು ಸಮಾನತೆಯಾಗದು. ಹೆಚ್ಚು ಕಷ್ಟದಲ್ಲಿರುವವರಿಗೆ ಹೆಚ್ಚು ನೆರವು ದೊರೆಯಬೇಕು. 2025ರ ಮೇ ತಿಂಗಳಿನಲ್ಲಿ ವಿಶ್ವ ಆರೋಗ್ಯ ಸಭೆಯು ಚರ್ಮರೋಗಗಳನ್ನು ಜಾಗತಿಕ ಸಾರ್ವಜನಿಕ ಆರೋಗ್ಯದ ಆದ್ಯತೆಯೆಂದು ಪರಿಗಣಿಸಿ ನಿರ್ಣಯವೊಂದನ್ನು ಅಂಗೀಕರಿಸಿತು. ನಿರ್ಣಯವು ಕಾಗದದಲ್ಲಿಯೇ ಉಳಿಯದಿರಬೇಕಾದರೆ ಅದನ್ನು ನಡೆಸಿಕೊಂಡು ಹೋಗುವ ವೈದ್ಯರು ಬೇಕು. ಅಂತಹ ವೈದ್ಯರನ್ನು ರೂಪಿಸುವ ಗುರುಗಳೂ ಬೇಕು. ಈ ಗುರುಪರಂಪರೆ ಹೇಗೆ ಕೆಲಸ ಮಾಡುತ್ತದೆ, ಅದರಿಂದ ನಮ್ಮ ಮನೆಗಳಿಗೆ ಆಗುವ ಪ್ರಯೋಜನವೇನು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ನಮ್ಮ ಸುತ್ತಲಿನ ಸ್ಥಿತಿ

ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರ ಭಾಗಗಳಲ್ಲಿ ಚರ್ಮ ಚಿಕಿತ್ಸಾಲಯಗಳ ಫಲಕಗಳಿಗೆ ಕೊರತೆಯಿಲ್ಲ. ಮೈಬಣ್ಣ, ಕೂದಲು, ಮೊಡವೆಯ ಕಲೆ ಇವುಗಳ ಚಿಕಿತ್ಸೆಗೆ ಅಲ್ಲಿ ಸಕಲ ಸೌಕರ್ಯಗಳಿವೆ. ಅದೇ ರಸ್ತೆಗಳ ಹಿಂದೆ, ಕಟ್ಟಡ ಕಾಮಗಾರಿಯ ಪಕ್ಕದ ತಗಡಿನ ಶೆಡ್ಡುಗಳಲ್ಲಿ, ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ದುಡಿಯಲು ಬಂದ ಕುಟುಂಬಗಳು ವಾಸಿಸುತ್ತಿವೆ. ವೈದ್ಯರನ್ನು ಕಾಣಲು ಹೋದರೆ ಒಂದು ದಿನದ ಕೂಲಿ ತಪ್ಪುತ್ತದೆ. ಆದುದರಿಂದ ಅವರು ಔಷಧದ ಅಂಗಡಿಯಲ್ಲಿ ಕೇಳಿ ಒಂದು ಟ್ಯೂಬ್ ಮುಲಾಮನ್ನು ಕೊಂಡೊಯ್ಯುತ್ತಾರೆ.

ಇಂತಹ ಮುಲಾಮುಗಳಲ್ಲಿ ಅನೇಕವು ಸ್ಟೀರಾಯ್ಡ್ ಬೆರೆತವು. ಗಜಕರ್ಣಕ್ಕೆ ಹಚ್ಚಿದೊಡನೆ ತುರಿಕೆ ಅಡಗುತ್ತದೆ. ರೋಗ ಹೋಯಿತೆಂಬ ಭ್ರಮೆ ಮೂಡುತ್ತದೆ. ಒಳಗೆ ಶಿಲೀಂಧ್ರವು ಹರಡುತ್ತಲೇ ಇರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮವು ತೆಳುವಾಗಿ ಬಿರುಕುಗೆರೆಗಳು ಮೂಡುತ್ತವೆ. ಒಂದೇ ಟ್ಯೂಬನ್ನು ಮನೆಮಂದಿಯೆಲ್ಲ ಬಳಸುವುದನ್ನು ನಾನು ನನ್ನ ವೃತ್ತಿಜೀವನದಲ್ಲಿ ಎಷ್ಟೋ ಬಾರಿ ಕಂಡಿದ್ದೇನೆ. ಇದು ಕೇವಲ ಅಜ್ಞಾನದ ಫಲವೆನ್ನಲಾಗದು. ತಜ್ಞರಿರುವ ಊರಿನಲ್ಲಿಯೇ ತಜ್ಞತೆಯು ಅವರಿಗೆ ಎಟುಕಲಿಲ್ಲವೆಂಬುದು ಇದರ ಅರ್ಥ.

ಕಾಸರಗೋಡಿನ ಮಾದರಿ

ಈ ಅಂತರವನ್ನು ತುಂಬಲು ಚರ್ಮತಜ್ಞರೊಬ್ಬರು ಏನು ಮಾಡಬಹುದೆಂಬುದಕ್ಕೆ ಕನ್ನಡಿಗರೂ ವಾಸಿಸುವ ಕಾಸರಗೋಡಿನಲ್ಲಿ ಒಳ್ಳೆಯ ಉದಾಹರಣೆಯಿದೆ. ಚರ್ಮತಜ್ಞ ಡಾ. ಎಸ್. ಆರ್. ನರಹರಿಯವರ ನೇತೃತ್ವದಲ್ಲಿ 1999ರಲ್ಲಿ ಅಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಎಂಬ ಸಂಸ್ಥೆ ಸ್ಥಾಪನೆಯಾಯಿತು. ಅವರು ಮುಖ್ಯವಾಗಿ ಕೈಗೆತ್ತಿಕೊಂಡುದು ಆನೆಕಾಲು ರೋಗವನ್ನು.

ಕೊಳಕು ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆಯ ಮೂಲಕ ಫೈಲೇರಿಯಾ ಹುಳುವು ದೇಹವನ್ನು ಸೇರಿ ದುಗ್ಧರಸದ ನಾಳಗಳನ್ನು ಕೆಡಿಸುತ್ತದೆ. ಆಯುರ್ವೇದವು ಇದನ್ನು ಶ್ಲೀಪದವೆಂದು ವರ್ಣಿಸಿದೆ. ನೀರು ಬಹುಕಾಲ ನಿಂತಿರುವ ಪ್ರದೇಶಗಳಲ್ಲಿ ಈ ರೋಗ ಹೆಚ್ಚೆಂಬುದನ್ನು ಸುಶ್ರುತ ಸಂಹಿತೆಯೂ ಗುರುತಿಸಿದೆ. ಸರ್ಕಾರವು ನಡೆಸುವ ಸಾಮೂಹಿಕ ಔಷಧ ನುಂಗಿಸುವ ಕಾರ್ಯಕ್ರಮವು ರಕ್ತದಲ್ಲಿರುವ ಮರಿಹುಳುಗಳನ್ನು ನಾಶಮಾಡಿ ರೋಗವು ಹರಡುವುದನ್ನು ತಡೆಯುತ್ತದೆ. ಆದರೆ ಈಗಾಗಲೇ ಊದಿರುವ ಕಾಲು ಆ ಮಾತ್ರೆಗಳಿಂದ ಮೊದಲಿನಂತಾಗದು. ಬೆರಳ ಸಂದಿನ ಬಿರುಕುಗಳಿಂದ ರೋಗಾಣುಗಳು ಒಳಹೊಕ್ಕು ಪದೇಪದೇ ಚಳಿಜ್ವರವನ್ನೂ ನೋವನ್ನೂ ತರುತ್ತವೆ. ಪ್ರತಿ ಜ್ವರದೊಡನೆ ಊತವು ಹೆಚ್ಚುತ್ತದೆ. ದುಡಿಮೆಯ ದಿನಗಳು ಕಳೆದುಹೋಗುತ್ತವೆ.

ಕಾಸರಗೋಡಿನ ಸಂಸ್ಥೆಯು ಇದಕ್ಕೆ ಕಂಡುಕೊಂಡ ಕ್ರಮವು ಸರಳವಾದುದು. ಕಾಲನ್ನು ಸಾಬೂನಿನಿಂದ ತೊಳೆದು ಬೆರಳ ಸಂದುಗಳನ್ನು ಚೆನ್ನಾಗಿ ಒರೆಸುವುದು, ಔಷಧೀಯ ಫಾಂಟದಲ್ಲಿ ನೆನೆಸುವುದು, ದುಗ್ಧರಸವು ಹರಿಯುವಂತೆ ಹಗುರವಾಗಿ ಅಭ್ಯಂಗ ಮಾಡುವುದು, ಉಸಿರಾಟದೊಡನೆ ಕೂಡಿದ ಯೋಗಾಭ್ಯಾಸ, ಕಡೆಗೆ ಬಟ್ಟೆಯ ಪಟ್ಟಿಯಿಂದ ಬಿಗಿಯಾಗಿ ಸುತ್ತುವುದು ಇದರ ಅಂಗಗಳು. ಸೋಂಕಿದ್ದರೆ ಆಧುನಿಕ ಔಷಧವನ್ನೂ ನೀಡಲಾಗುತ್ತದೆ. ರೋಗಿಯೂ ಆತನ ಮನೆಯವರೂ ಇದನ್ನು ಕಲಿತು ಮನೆಯಲ್ಲಿಯೇ ಮುಂದುವರಿಸುತ್ತಾರೆ. ಕೇರಳದ ಆಲಪ್ಪುಳ ಹಾಗೂ ನಮ್ಮ ಕಲಬುರಗಿ ಜಿಲ್ಲೆಗಳ ಗ್ರಾಮೀಣ ಜನರ ನಡುವೆಯೂ ಈ ಕ್ರಮವನ್ನು ಶಿಬಿರಗಳ ಮೂಲಕ ಕಲಿಸಲಾಯಿತು; ಊತವೂ ಜ್ವರದ ಬಾಧೆಯೂ ಕಡಿಮೆಯಾದುದನ್ನು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಿಸಲಾಗಿದೆ.

ಇದರ ಹಿಂದಿದ್ದ ಮಾರ್ಗದರ್ಶನ

ಈ ಕಾರ್ಯದ ಹಿಂದೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಚರ್ಮರೋಗ ವಿಭಾಗದ ನಿವೃತ್ತ ಪ್ರಾಧ್ಯಾಪಕ ಟೆರೆನ್ಸ್ ರಯಾನ್ ಅವರ ಮಾರ್ಗದರ್ಶನವಿದೆ. ದುಗ್ಧರಸ ಊತದ ಶುಶ್ರೂಷೆಯಲ್ಲಿ ಹೆಸರಾದ ಪ್ರಾಧ್ಯಾಪಕಿ ಕ್ರಿಸ್ಟೀನ್ ಮೊಫಾಟ್ ಅವರೂ ಈ ಅಧ್ಯಯನಗಳಲ್ಲಿ ಕೈಜೋಡಿಸಿದರು. ಪರದೇಶದ ಗುರುಗಳು ಬಂದು ಪರದೇಶದ ಪದ್ಧತಿಯನ್ನು ಇಲ್ಲಿ ಹೇರಲಿಲ್ಲವೆಂಬುದು ಗಮನಾರ್ಹ. ಇಲ್ಲಿನ ಜನರಿಗೆ ಪರಿಚಿತವಾದ ಆಯುರ್ವೇದ ಮತ್ತು ಯೋಗಗಳನ್ನು ಆಧುನಿಕ ಶುಶ್ರೂಷೆಯೊಡನೆ ಜೋಡಿಸುವ ಕಾರ್ಯಕ್ಕೆ ಅವರು ಬೆಂಬಲವಾಗಿ ನಿಂತರು. ಬೇರೆ ಬೇರೆ ಪದ್ಧತಿಗಳ ವೈದ್ಯರು ಒಬ್ಬನೇ ರೋಗಿಯನ್ನು ಒಟ್ಟಿಗೆ ಪರೀಕ್ಷಿಸಿ, ಚರ್ಚಿಸಿ, ಒಮ್ಮತಕ್ಕೆ ಬಂದ ಬಳಿಕ ಚಿಕಿತ್ಸಾಕ್ರಮವು ರೂಪುಗೊಂಡಿತು. ಆಯುರ್ವೇದ ವೈದ್ಯರು ಅಲ್ಲಿ ಸಹಾಯಕರಾಗಿರಲಿಲ್ಲ, ಸಹವೈದ್ಯರಾಗಿದ್ದರು. ಆಯುರ್ವೇದದವನಾದ ನನಗೆ ಇದು ಸಂತೋಷದ ಸಂಗತಿ. ಆದರೆ ಅದಕ್ಕಿಂತಲೂ ಮುಖ್ಯವಾದುದು, ಪ್ರತಿಯೊಂದು ಕಾಲಿನ ಗಾತ್ರವನ್ನೂ ಅಳೆದು ಬರೆದಿಟ್ಟು, ಫಲಿತಾಂಶವನ್ನು ಪರೀಕ್ಷೆಗೆ ಒಡ್ಡಿದ ಶಿಸ್ತು. ಶಾಸ್ತ್ರದಲ್ಲಿದೆಯೆಂಬ ಮಾತು ಮಾತ್ರ ಸಾಲದೆಂಬುದನ್ನು ನಮ್ಮ ಪದ್ಧತಿಯವರೂ ಇದರಿಂದ ಕಲಿಯಬೇಕಾಗಿದೆ.

ಇದೇ ಚಿಂತನೆ ಬೇರೆಡೆಯಲ್ಲಿಯೂ ಫಲ ನೀಡಿದೆ. ಚರ್ಮವೈದ್ಯರ ಅಂತಾರಾಷ್ಟ್ರೀಯ ಪ್ರತಿಷ್ಠಾನವು ಆಫ್ರಿಕಾದ ಟಾಂಜಾನಿಯಾ ದೇಶದ ಮೋಶಿ ಪಟ್ಟಣದಲ್ಲಿ 1990ರ ದಶಕದಲ್ಲಿ ತರಬೇತಿ ಕೇಂದ್ರವೊಂದನ್ನು ನೆಲೆಗೊಳಿಸಿತು. ವೈದ್ಯರು ವಿರಳವಾಗಿದ್ದ ಆ ಪ್ರದೇಶದಲ್ಲಿ, ಪೂರ್ಣ ವೈದ್ಯಪದವಿಯಿಲ್ಲದ ಆರೋಗ್ಯಾಧಿಕಾರಿಗಳಿಗೆ ಚರ್ಮರೋಗ ಮತ್ತು ಕುಷ್ಠರೋಗಗಳ ಶಿಕ್ಷಣವನ್ನು ನೀಡಿ, ಅವರವರ ಜಿಲ್ಲೆಗಳಿಗೆ ಮರಳಿ ಕಳುಹಿಸಲಾಯಿತು. ತಜ್ಞನು ಎಲ್ಲ ಊರುಗಳಿಗೂ ಹೋಗಲಾರನು. ತಜ್ಞನ ತಿಳಿವಳಿಕೆ ಹೋಗಬಲ್ಲದು.

ಯುವ ವೈದ್ಯರು ಕಲಿಯಬೇಕಾದ ಮೂರು ಪಾಠಗಳು

ಮೊದಲನೆಯದು, ಬಾರದವರನ್ನು ಎಣಿಸುವುದು. ಚಿಕಿತ್ಸಾಲಯದ ದಾಖಲೆಪುಸ್ತಕವು ಬಂದವರ ಲೆಕ್ಕವನ್ನು ಮಾತ್ರ ಹೇಳುತ್ತದೆ. ಒಮ್ಮೆ ಬಂದು ಮತ್ತೆ ಬಾರದವರು ಯಾರು, ಏಕೆ ಬರಲಿಲ್ಲ, ಯಾವ ಬಡಾವಣೆಯಿಂದ ಒಬ್ಬರೂ ಬರುತ್ತಿಲ್ಲ ಎಂದು ಕೇಳುವ ಅಭ್ಯಾಸವನ್ನು ಗುರುವು ಶಿಷ್ಯನಲ್ಲಿ ಬೆಳೆಸಬೇಕು. ಇದು ಪುಸ್ತಕದಿಂದ ಬಾರದು. ಶಿಷ್ಯನನ್ನು ಜೊತೆಗೆ ಕರೆದುಕೊಂಡು ಓಣಿಗಳಿಗೆ ಹೋಗುವ ಗುರುವಿನಿಂದ ಬರುತ್ತದೆ.

ಎರಡನೆಯದು, ವಿದ್ಯೆಯನ್ನು ಹಂಚಿಕೊಳ್ಳುವುದು. ಆಶಾ ಕಾರ್ಯಕರ್ತೆಗೆ ಸ್ಪರ್ಶವಿಲ್ಲದ ಮಚ್ಚೆಯನ್ನು ಗುರುತಿಸಲು, ದಾದಿಗೆ ಪಟ್ಟಿ ಸುತ್ತಲು, ತಾಯಿಗೆ ಮಗುವಿನ ಕಜ್ಜಿಗೆ ಔಷಧ ಹಚ್ಚಲು ಕಲಿಸುವ ತಜ್ಞನು ತನ್ನ ಸ್ಥಾನವನ್ನು ಕಳೆದುಕೊಳ್ಳುವುದಿಲ್ಲ. ಆತನ ಎರಡು ಕೈಗಳು ಇನ್ನೂರು ಕೈಗಳಾಗುತ್ತವೆ.

ಮೂರನೆಯದು, ತಾನಿಲ್ಲದಾಗಲೂ ಕೆಲಸವು ನಡೆಯುವಂತೆ ಏರ್ಪಡಿಸುವುದು. ಒಬ್ಬ ಸೇವಾಭಾವದ ವೈದ್ಯರು ನಿವೃತ್ತರಾದೊಡನೆ ಅವರು ನಡೆಸುತ್ತಿದ್ದ ಶಿಬಿರವು ನಿಂತುಹೋಗುವುದನ್ನು ನಾವೆಲ್ಲರೂ ನೋಡಿದ್ದೇವೆ. ಅಲ್ಲಿ ಸೇವೆಯಿತ್ತು, ಉತ್ತರಾಧಿಕಾರಿಯಿರಲಿಲ್ಲ. ದಾಸೋಹವು ಒಬ್ಬರ ಕೈಯಡುಗೆಯನ್ನೇ ನೆಚ್ಚಿಕೊಂಡಿದ್ದರೆ ತಲೆಮಾರುಗಳ ಕಾಲ ನಡೆಯುತ್ತಿರಲಿಲ್ಲವೆಂಬುದನ್ನು ಭಕ್ತರಿಗೆ ವಿವರಿಸಬೇಕಾಗಿಲ್ಲ.

ಸದ್ಭಕ್ತರು ಗಮನಿಸಬೇಕಾದ ಅಂಶಗಳು

1. ಚರ್ಮದ ಮೇಲೆ ತಿಳಿಬಣ್ಣದ ಅಥವಾ ಕೆಂಪಾದ, ಸ್ಪರ್ಶಜ್ಞಾನವಿಲ್ಲದ ಮಚ್ಚೆ ಕಂಡರೆ ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿರಿ. ಕುಷ್ಠರೋಗವಾಗಿದ್ದರೆ ಬಹುವಿಧ ಔಷಧ ಚಿಕಿತ್ಸೆಯು ಉಚಿತವಾಗಿ ದೊರೆಯುತ್ತದೆ. ರೋಗದ ಬಗೆಗೆ ಅನುಸಾರವಾಗಿ 6 ಅಥವಾ 12 ತಿಂಗಳುಗಳಲ್ಲಿ ಗುಣವಾಗುತ್ತದೆ. ತಡಮಾಡಿದರೆ ಕೈಕಾಲುಗಳು ಊನವಾಗಬಹುದು. 2005ರ ಕೊನೆಯಲ್ಲಿ ದೇಶವು ಹತ್ತು ಸಾವಿರ ಜನರಿಗೆ ಒಂದಕ್ಕಿಂತ ಕಡಿಮೆ ಎಂಬ ಗುರಿಯನ್ನು ತಲುಪಿತಾದರೂ ಹೊಸ ರೋಗಿಗಳು ಇಂದಿಗೂ ಪತ್ತೆಯಾಗುತ್ತಿದ್ದಾರೆ.

2. ಊದಿದ ಕಾಲನ್ನು ಪ್ರತಿದಿನ ತೊಳೆದು, ಬೆರಳ ಸಂದುಗಳನ್ನು ಒಣಗಿಸಿ, ಕುಳಿತಾಗ ಎತ್ತರದಲ್ಲಿರಿಸಿರಿ. ಜ್ವರ, ಕೆಂಪು, ಬಿಸಿ ಇರುವಾಗ ತಿಕ್ಕಬಾರದು. ಕೂಡಲೇ ವೈದ್ಯರನ್ನು ಕಾಣಬೇಕು. ಪಟ್ಟಿ ಸುತ್ತುವುದನ್ನು ತಿಳಿದವರಿಂದ ಕಲಿಯದೆ ಮಾಡಬಾರದು. ಮಧುಮೇಹ ಮತ್ತು ಹೃದ್ರೋಗವುಳ್ಳವರು ವಿಶೇಷ ಎಚ್ಚರ ವಹಿಸಬೇಕು.

3. ವೈದ್ಯರು ಬರೆದುಕೊಡದ ಮುಲಾಮನ್ನು, ಅದು ಇನ್ನೊಬ್ಬರಿಗೆ ಎಷ್ಟೇ ಗುಣ ಕೊಟ್ಟಿದ್ದರೂ, ಬಳಸಬೇಡಿರಿ. ಆಯುರ್ವೇದದ ಹೆಸರಿನಲ್ಲಿ ಮಾರುವ, ಲೇಬಲ್ ಇಲ್ಲದ ಲೇಪಗಳಿಗೂ ಈ ಮಾತು ಅನ್ವಯಿಸುತ್ತದೆ.

4. ನಿಮ್ಮ ಮನೆ ಕಟ್ಟುವ, ಗುಡಿಸುವ, ಕಾಯುವ ಜನರಲ್ಲಿ ಯಾರಾದರೂ ಕಾಲನ್ನೋ ಕೈಯನ್ನೋ ಮರೆಮಾಡಿಕೊಂಡು ಓಡಾಡುತ್ತಿದ್ದರೆ ಗದರದೆ ವಿಚಾರಿಸಿರಿ. ಆಸ್ಪತ್ರೆಗೆ ಹೋಗುವ ದಿನದ ಕೂಲಿಯನ್ನು ಕಡಿತ ಮಾಡದಿರುವುದೂ ಒಂದು ಚಿಕಿತ್ಸೆಯೇ.

ಕೊನೆಯದಾಗಿ, ಭಕ್ತರ ಮನೆಗಳಲ್ಲಿ ಈಗ ವೈದ್ಯಶಿಕ್ಷಣ ಪಡೆಯುತ್ತಿರುವ ಮಕ್ಕಳು ಅನೇಕರಿದ್ದಾರೆ. ಚರ್ಮವೈದ್ಯವು ರಾತ್ರಿ ಕರೆಗಳಿಲ್ಲದ, ಆದಾಯವುಳ್ಳ ಶಾಖೆಯೆಂದು ಅವರಿಗೆ ಸಲಹೆ ನೀಡುವವರು ಹಲವರು. ಆ ಮಾತಿನಲ್ಲಿ ತಪ್ಪಿಲ್ಲ. ಗೌರವದಿಂದ ಬಾಳುವುದು ವೈದ್ಯನಿಗೂ ಬೇಕು. ಅದರೊಡನೆ ಇನ್ನೊಂದು ಮಾತನ್ನೂ ಹೇಳೋಣ: ವಾರದಲ್ಲಿ ಒಂದು ದಿನವನ್ನು ಬಾರದವರಿಗಾಗಿ ಮೀಸಲಿಟ್ಟಿರುವ ಹಿರಿಯ ವೈದ್ಯರೊಬ್ಬರನ್ನು ಹುಡುಕಿ, ಅವರ ಬಳಿ ಒಂದಷ್ಟು ಕಾಲ ಕಲಿತು ಬಾ. ಹಿರಿಯ ವೈದ್ಯರಾದ ನಾವೂ ಆ ಮಕ್ಕಳು ಹುಡುಕಿಕೊಂಡು ಬರುವಂತೆ ನಮ್ಮ ಬಾಗಿಲನ್ನು ತೆರೆದಿರಿಸಬೇಕು.