ಬಳಸುವವರೇ ರೂಪಿಸಿದಾಗ

ಮನೆ, ಬೀದಿ, ಶೌಚಾಲಯಗಳ ಅಳತೆಯನ್ನು ಯಾರು ನಿರ್ಧರಿಸುತ್ತಾರೆ ಎಂಬುದರ ಮೇಲೆ ಅವು ಯಾರಿಗೆ ಒದಗುತ್ತವೆ ಎಂಬುದೂ ನಿಂತಿದೆ. ಬಡವರಿಗಾಗಿ ಕೈಗೊಳ್ಳುವ ಯೋಜನೆಗಳಲ್ಲಿ ಈ ಅಧಿಕಾರ ಸಾಮಾನ್ಯವಾಗಿ ಅಧಿಕಾರಿಗಳು ಮತ್ತು ಎಂಜಿನಿಯರುಗಳ ಬಳಿಯೇ ಉಳಿಯುತ್ತದೆ. ಬಳಸುವ ಜನರೇ ತಮ್ಮ ಅಗತ್ಯಗಳನ್ನು ಗುರುತಿಸಿ, ಅಳೆದು, ನಕ್ಷೆಯನ್ನು ರೂಪಿಸಿ, ತಜ್ಞರ ನೆರವನ್ನು ತಮ್ಮ ತೀರ್ಮಾನಗಳಿಗೆ ಪೂರಕವಾಗಿ ಪಡೆಯುವ ವಿಧಾನವನ್ನು ಸಮುದಾಯ ನೇತೃತ್ವದ ವಿನ್ಯಾಸ ಎನ್ನಲಾಗುತ್ತದೆ.

ಮುಂಬಯಿಯಲ್ಲಿ 1984ರಲ್ಲಿ ಆರಂಭವಾದ ಸ್ಪಾರ್ಕ್ ಎಂಬ ಸ್ವಯಂಸೇವಾ ಸಂಸ್ಥೆ, ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಹುಟ್ಟಿದ ಜೋಕಿನ್ ಅರ್ಪುತಂ ಅವರು ಮುನ್ನಡೆಸಿದ ರಾಷ್ಟ್ರೀಯ ಕೊಳೆಗೇರಿ ನಿವಾಸಿಗಳ ಒಕ್ಕೂಟ ಮತ್ತು ಪಾದಚಾರಿ ಮಾರ್ಗಗಳಲ್ಲೇ ಗುಡಿಸಲು ಹಾಕಿಕೊಂಡಿದ್ದ ಮಹಿಳೆಯರ ಸಂಘಟನೆಯಾದ ಮಹಿಳಾ ಮಿಲನ್ ಒಟ್ಟಾಗಿ ಈ ವಿಧಾನಕ್ಕೆ ಗಟ್ಟಿಯಾದ ರೂಪ ಕೊಟ್ಟವು. 1985ರಲ್ಲಿ ಸ್ಪಾರ್ಕ್ ಬೀದಿಬದಿಯ ನಿವಾಸಿಗಳ ಜೊತೆಗೂಡಿ ನಡೆಸಿದ ಗಣತಿಯು, ನಗರದ ಲೆಕ್ಕದಲ್ಲಿ ಸೇರದಿದ್ದ ಸಾವಿರಾರು ಕುಟುಂಬಗಳ ಬದುಕನ್ನು ದಾಖಲೆಗೆ ತಂದಿತು. ಬಳಿಕ ಮಹಿಳೆಯರು ತಮಗೆ ಬೇಕಾದ ಮನೆಯ ಪೂರ್ಣಗಾತ್ರದ ಮಾದರಿಯನ್ನು ಕಟ್ಟಿ ಪ್ರದರ್ಶಿಸಿದರು; ನೆಲ ಕಿರಿದಾಗಿದ್ದರೂ 14 ಅಡಿ ಎತ್ತರದ ಛಾವಣಿಯಿದ್ದರೆ ಮೇಲೊಂದು ಅಟ್ಟ ಹಾಕಿ ಮಲಗಲು, ಸಾಮಾನು ಇಡಲು ಜಾಗ ಮಾಡಿಕೊಳ್ಳಬಹುದೆಂಬ ಅವರ ಯೋಚನೆ, ಇಕ್ಕಟ್ಟಿನಲ್ಲಿ ಸಂಸಾರ ನಡೆಸಿದ ಅನುಭವದಿಂದ ಮೂಡಿದ್ದಾಗಿತ್ತು.

1999ರ ನಂತರ ಪುಣೆಯ ನಗರಪಾಲಿಕೆಯು ಕೊಳೆಗೇರಿಗಳ ಸಾಮುದಾಯಿಕ ಶೌಚಾಲಯಗಳ ನಿರ್ಮಾಣವನ್ನು ಸ್ವಯಂಸೇವಾ ಸಂಸ್ಥೆಗಳಿಗೆ ವಹಿಸಿದಾಗ ಈ ತಿಳಿವಳಿಕೆ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದಿತು. ಹಿಂದಿನ ಶೌಚಾಲಯಗಳಲ್ಲಿ ನೀರಿನ ಕೊರತೆಯಿತ್ತು, ನಿರ್ವಹಣೆಗೆ ಹೊಣೆಗಾರರಿರಲಿಲ್ಲ, ಹೆಂಗಸರಿಗೆ ಮರೆಯಿರಲಿಲ್ಲ. ದೊಡ್ಡವರ ಸಾಲಿನಲ್ಲಿ ಹಿಂದೆ ಸರಿಯಬೇಕಾಗುತ್ತಿದ್ದ ಮಕ್ಕಳು ಬಯಲಲ್ಲೇ ಕೂರುತ್ತಿದ್ದರು. ಹೊಸ ವಿನ್ಯಾಸದಲ್ಲಿ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಪ್ರವೇಶ, ಮಕ್ಕಳ ಅಳತೆಗೆ ತಕ್ಕ ಶೌಚದ ಜಾಗ, ದೊಡ್ಡ ನೀರಿನ ತೊಟ್ಟಿ ಹಾಗೂ ಉಸ್ತುವಾರಿ ನೋಡಿಕೊಳ್ಳುವವರಿಗೆ ವಾಸದ ಕೋಣೆ ಸೇರಿದವು. ಇವುಗಳಲ್ಲಿ ಯಾವುದಕ್ಕೂ ಅಪರೂಪದ ತಂತ್ರಜ್ಞಾನ ಬೇಕಿರಲಿಲ್ಲ. ದಿನವೂ ಆ ಸಾಲಿನಲ್ಲಿ ನಿಂತವರ ಮಾತಿಗೆ ಬೆಲೆ ಬೇಕಿತ್ತು.

ನೆಲದ ಒಡೆತನ, ಕೂಲಿ, ಜಾತಿಗಳಲ್ಲಿ ಬೇರೂರಿದ ಅಸಮಾನತೆಯನ್ನು ವಿನ್ಯಾಸವೊಂದೇ ಅಳಿಸಲಾರದು. ಆದರೆ ತಮ್ಮ ಗಣತಿ, ನಕ್ಷೆ ಮತ್ತು ಖರ್ಚಿನ ಲೆಕ್ಕವನ್ನು ಕೈಯಲ್ಲಿ ಹಿಡಿದ ಜನ, ಸರ್ಕಾರದ ಮುಂದೆ ಬೇಡುವವರಾಗಿ ನಿಲ್ಲದೆ ಚರ್ಚಿಸುವವರಾಗಿ ಕೂರುತ್ತಾರೆ. ಆದ್ದರಿಂದ ಜನರ ಅಭಿಪ್ರಾಯವನ್ನು ಕಟ್ಟಡ ಮುಗಿದ ಮೇಲೆ ಕೇಳುವ ಬದಲು, ಟೆಂಡರ್ ಕರೆಯುವ ಮೊದಲೇ ನಕ್ಷೆಯನ್ನು ಅವರ ಕೈಗೆ ಕೊಡುವುದು ನ್ಯಾಯದ ಮೊದಲ ಹೆಜ್ಜೆಯಾಗುತ್ತದೆ.