ಹತ್ತು ಟಗರು ಮರಿ, ನಾಲ್ಕು ತಿಂಗಳು: ಖರ್ಚು ಕಳೆದು ಕೈಗೆ ಉಳಿಯೋದು ಎಷ್ಟು?

ಕಳೆದ ವಾರ ಹೊಸದುರ್ಗ ಕಡೆಯ ಒಬ್ಬ ಹುಡುಗ ಫೋನ್ ಮಾಡಿದ್ದ. "ಅಣ್ಣಾ, ಮನೆ ಹಿಂದೆ ಕಟ್ಟಿದ್ದ ಹತ್ತು ಟಗರು ಮಾರಿದೆ. ತೊಂಬತ್ತಾರು ಸಾವಿರ ಬಂತು. ಆದ್ರೆ ಲಾಭ ಎಷ್ಟು ಅಂತ ಅಪ್ಪ ಕೇಳಿದ್ರೆ ಹೇಳೋಕೆ ಬರ್ತಿಲ್ಲ" ಅಂದ. ಮರಿ ಎಷ್ಟಕ್ಕೆ ತಂದಿದ್ದೆ ಅಂತ ಕೇಳಿದೆ. "ಐವತ್ತಾರು ಸಾವಿರಕ್ಕೆ" ಅಂದ.

ಹಾಗಾದ್ರೆ ನಲವತ್ತು ಸಾವಿರ ಲಾಭ ಅಲ್ವಾ ಅಂತ ನಿಮಗೂ ಅನ್ನಿಸಬಹುದು. ಎಷ್ಟೋ ವಿಡಿಯೋಗಳಲ್ಲಿ ಲೆಕ್ಕ ಇಲ್ಲಿಗೇ ನಿಲ್ಲುತ್ತೆ. ಆ ಹುಡುಗನ ಜೊತೆ ಕೂತು ಪೂರ್ತಿ ಲೆಕ್ಕ ಹಾಕಿದಾಗ ನಲವತ್ತು ಸಾವಿರ ಇಳಿದು ಎಂಟು ಸಾವಿರಕ್ಕೆ ಬಂತು. ಅದು ಹೇಗೆ ಅಂತ ಈ ವಾರ ನೋಡೋಣ. ಇಲ್ಲಿರುವ ದರಗಳು ಅವನಿಗೆ ಬಿದ್ದ ದರಗಳು. ನಿಮ್ಮೂರಿನ ದರ ಬೇರೆ ಇರುತ್ತೆ, ಆ ಜಾಗದಲ್ಲಿ ನಿಮ್ಮದನ್ನು ಹಾಕಿಕೊಳ್ಳಿ.

ಒಂದು ಟಗರಿನ ಲೆಕ್ಕ

ಮೂರೂವರೆ ತಿಂಗಳ ಮರಿ, ಸುಮಾರು 14 ಕೆಜಿ, ಕೆಜಿಗೆ 400ರಂತೆ ತಂದದ್ದು. 120 ದಿನ ಕಟ್ಟಿ ಮೇಯಿಸಿ 26 ಕೆಜಿಗೆ ಮಾರಿದ್ದು.

ಮರಿ ಖರೀದಿ: 5,600 ರೂ.
ದಾಣಿ ಮಿಶ್ರಣ, ದಿನಕ್ಕೆ 300 ಗ್ರಾಂನಂತೆ 36 ಕೆಜಿ, ಕೆಜಿಗೆ 30 ರೂ.: 1,080
ಶೇಂಗಾ ಹೊಟ್ಟು 40 ಕೆಜಿ, ಕೆಜಿಗೆ 8 ರೂ.: 320
ಹಸಿ ಮೇವು 130 ಕೆಜಿ, ಕೆಜಿಗೆ 2 ರೂ.: 260
ಜಂತುಹುಳು ಔಷಧಿ, ಇತರೆ ಮದ್ದು: 100
ಸಂತೆ ಸುಂಕ, ಗಾಡಿ ಬಾಡಿಗೆ: 120
ರೊಪ್ಪದ ಪಾಲು: 125
ಸಾವಿನ ಪಾಲು: 300
ಒಟ್ಟು: 7,905 ರೂ.

ಕೊನೆಯ ಎರಡು ಸಾಲು ಯಾರೂ ಬರೆಯಲ್ಲ. ರೊಪ್ಪಕ್ಕೆ ಕಲ್ಲುಕಂಬ, ಹಳೇ ಶೀಟು, ಜಾಲರಿ ಸೇರಿ 25 ಸಾವಿರ ಹಾಕಿದ್ದ. ಹತ್ತು ವರ್ಷ ಬಾಳಿಕೆ, ವರ್ಷಕ್ಕೆ ಎರಡು ಬ್ಯಾಚ್ ಅಂತ ಹಂಚಿದರೆ ತಲೆಗೆ 125 ಬೀಳುತ್ತೆ. ಸಾವಿನ ವಿಷಯ, ಅವನ ಹತ್ತರಲ್ಲಿ ಒಂದೂ ಸಾಯಲಿಲ್ಲ, ಅದೃಷ್ಟ. ಆದರೂ ಇಪ್ಪತ್ತಕ್ಕೆ ಒಂದು ಸಾಯುತ್ತೆ ಅಂತ ಹಿಡಿದು ಉಳಿದವುಗಳ ಮೇಲೆ ಹಾಕಲೇಬೇಕು. ಈ ಸಲ ಸಾಯದಿದ್ದರೆ ಮುಂದಿನ ಸಲ ಎರಡು ಸತ್ತಾವು.

ಮೇವು ಹೊಲದ್ದೇ, ಅದಕ್ಕೇಕೆ ದುಡ್ಡು ಹಾಕಬೇಕು ಅಂತ ಅವನ ವಾದ. ನಿನ್ನ ಹೊಟ್ಟನ್ನು ಪಕ್ಕದವರು ಕೇಳಿದರೆ ಪುಕ್ಕಟೆ ಕೊಡ್ತೀಯಾ ಅಂದೆ. ಸುಮ್ಮನಾದ.

ಇನ್ನು ಕೂಲಿ. ಹತ್ತು ಮರಿಗೆ ಕಸ ಗುಡಿಸೋದು, ಮೇವು ಕತ್ತರಿಸೋದು, ನೀರು ಅಂತ ದಿನಕ್ಕೆ ಒಂದೂವರೆ ಗಂಟೆ. 120 ದಿನಕ್ಕೆ 180 ಗಂಟೆ. ದಿನಗೂಲಿ 400 ಅಂದರೂ ಗಂಟೆಗೆ 50 ರೂಪಾಯಿಯಂತೆ 9,000 ಆಯ್ತು, ತಲೆಗೆ 900. ಇದನ್ನೂ ಸೇರಿಸಿದರೆ ಒಂದು ಟಗರಿನ ಖರ್ಚು 8,805 ರೂ.

ಮಾರಿದ್ದು ಕೆಜಿಗೆ 370ರಂತೆ, 26 ಕೆಜಿಗೆ 9,620. ಉಳಿದದ್ದು ತಲೆಗೆ 815 ರೂಪಾಯಿ, ಹತ್ತಕ್ಕೆ 8,150. ಅವನ ಕೂಲಿ ಅವನಿಗೇ ಬಂತು ಅಂತ ಸೇರಿಸಿದರೆ ನಾಲ್ಕು ತಿಂಗಳಿಗೆ 17,150. ಕಾಲೇಜು ಮುಗಿಸಿ ಮನೇಲಿರೋ ಹುಡುಗನಿಗೆ ದಿನದ ಒಂದೂವರೆ ಗಂಟೆಗೆ ಇದು ಕೆಟ್ಟ ಸಂಪಾದನೆ ಏನಲ್ಲ. ಹಿಕ್ಕೆ ಗೊಬ್ಬರದ ಬೆಲೆ ನಾನು ಹಿಡಿದಿಲ್ಲ, ಹೊಳಲ್ಕೆರೆ ಕಡೆ ಅಡಿಕೆ ತೋಟದವರು ಮನೆಗೇ ಬಂದು ಕೇಳ್ತಾರೆ. ಆದರೆ ಸಾಲ ತಂದು, ಕೆಲಸಕ್ಕೆ ಆಳಿಟ್ಟು ಮಾಡಿದರೆ ಉಳಿಯೋದು ಆ ಎಂಟು ಸಾವಿರ ಮಾತ್ರ. ಅದರಲ್ಲೇ ಬಡ್ಡಿ ಕಟ್ಟಬೇಕು.

ದೊಡ್ಡ ಖರ್ಚು ಮೇವಲ್ಲ, ಮರಿ

7,905ರಲ್ಲಿ 5,600 ಮರಿಗೇ ಹೋಯ್ತು. ನೂರಕ್ಕೆ ಎಪ್ಪತ್ತು ಭಾಗ. ಹಂದಿ ಸಾಕಣೆಯಲ್ಲಿ ಇದು ತಿರುವುಮುರುವು, ಅಲ್ಲಿ ಎಪ್ಪತ್ತು ಭಾಗ ಆಹಾರಕ್ಕೇ ಹೋಗುತ್ತೆ. ಹಂದಿ ಯಾಕೆ ಸಾಕಬಾರದು ಅಂತಲೂ ಕೆಲವರು ಕೇಳ್ತಾರೆ. ಮೂರು, ಮೂರೂವರೆ ಕೆಜಿ ಆಹಾರಕ್ಕೆ ಹಂದಿ ಒಂದು ಕೆಜಿ ಬೆಳೆಯುತ್ತೆ, ಕುರಿಗೆ ಎಂಟು ಕೆಜಿ ಒಣ ತೂಕದ ಮೇವು ಬೇಕು. ಕಾಗದದ ಮೇಲೆ ಹಂದಿಯೇ ಗೆಲ್ಲುತ್ತೆ. ಆದರೆ ಹಂದಿಗೆ ಮೆಲುಕು ಹಾಕುವ ಹೊಟ್ಟೆ ಇಲ್ಲ. ಸಪ್ಪೆ, ಹೊಟ್ಟು ತಿಂದು ಅದು ಬೆಳೆಯಲ್ಲ, ಕಾಳೇ ಬೇಕು, ಇಲ್ಲಾ ಹೋಟೆಲ್ ಮುಸುರೆ ಬೇಕು. ಮುಸುರೆ ಚಿತ್ರದುರ್ಗ ಪೇಟೆ ಸುತ್ತ ಸಿಕ್ಕೀತು, ಹಳ್ಳಿಯಲ್ಲಿ ಎಲ್ಲಿಂದ ತರೋದು? ಕೊಳ್ಳೋರೂ ಊರೂರಿಗೆ ಇಲ್ಲ. ಜೊತೆಗೆ 2020ರಲ್ಲಿ ದೇಶಕ್ಕೆ ಬಂದ ಆಫ್ರಿಕನ್ ಹಂದಿ ಜ್ವರಕ್ಕೆ ಮದ್ದಿಲ್ಲ, ಬಂದರೆ ರೊಪ್ಪವೇ ಖಾಲಿ. ನಮ್ಮ ಜಿಲ್ಲೆಯಲ್ಲಿ ಶೇಂಗಾ ಹೊಟ್ಟು, ಮೆಕ್ಕೆಜೋಳದ ಸಪ್ಪೆ, ತೊಗರಿ ಹೊಟ್ಟು ಇದೆ. ಅದನ್ನು ಮಾಂಸ ಮಾಡೋದು ಕುರಿಗೆ ಗೊತ್ತು.

ಮರಿಯೇ ದೊಡ್ಡ ಖರ್ಚು ಅಂದಮೇಲೆ ಲಾಭ ನಷ್ಟ ಅರ್ಧ ನಿರ್ಧಾರ ಆಗೋದು ಸಂತೆಯಲ್ಲೇ. "ತೂಕ ಹಾಕಿ ತಗೊಂಡ್ಯಾ?" ಅಂತ ಹುಡುಗನನ್ನು ಕೇಳಿದ್ದಕ್ಕೆ, "ಇಲ್ಲಣ್ಣಾ, ಎತ್ತಿ ನೋಡಿ ತಗೊಂಡೆ. ಹದಿನಾಲ್ಕು ಇರಬಹುದು" ಅಂದ. ಮಾರುವಾಗ ಮಾತ್ರ ಮಟನ್ ಅಂಗಡಿಯವರು ಒಂದೊಂದನ್ನೂ ತಕ್ಕಡಿಗೆ ಹಾಕಿ ದುಡ್ಡು ಕೊಟ್ಟರು.

ಮರಿ 14 ಅಂತ ತಂದದ್ದು ನಿಜಕ್ಕೂ 12 ಇದ್ದರೆ 800 ರೂಪಾಯಿ ಅಲ್ಲೇ ಹೋಯ್ತು. ತಲೆಗೆ ಲಾಭ ಎಷ್ಟು? 815. ಎರಡು ಕೆಜಿ ಕಣ್ಣಂದಾಜು ತಪ್ಪಿದರೆ ನಾಲ್ಕು ತಿಂಗಳ ಲಾಭ ಬಟಾಬಯಲು. ಚಳ್ಳಕೆರೆ, ಶಿರಾ ಕಡೆ ಸಂತೆಗಳಲ್ಲಿ ವ್ಯಾಪಾರಿಗಳ ಕೈ, ಕಣ್ಣು ಮೂವತ್ತು ವರ್ಷ ಪಳಗಿರುತ್ತೆ. ನಿಮ್ಮದು ಅಷ್ಟು ಪಳಗಿರಲ್ಲ. ಹಾಗಾಗಿ ನೇತು ಹಾಕುವ ಡಿಜಿಟಲ್ ತಕ್ಕಡಿ ಒಂದು, ಗೋಣಿಚೀಲದ ಜೋಲಿ ಒಂದು ಜೊತೆಗಿಟ್ಟುಕೊಳ್ಳಿ. ಕೆಲವು ನೂರು ರೂಪಾಯಿಗೆ ಸಿಗುತ್ತೆ. ತೂಗೋಕೆ ಬಿಡದಿದ್ದರೆ ದರ್ಜಿ ಟೇಪಿನಿಂದ ಅಳೆಯಿರಿ. ಮುಂಗಾಲಿನ ಹಿಂದೆ ಎದೆ ಸುತ್ತಳತೆ, ಆಮೇಲೆ ಭುಜದ ಮೂಳೆಯಿಂದ ಬಾಲದ ಬುಡದ ಮೂಳೆವರೆಗೆ ಉದ್ದ, ಎರಡೂ ಇಂಚಿನಲ್ಲಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಸುತ್ತಳತೆ 22, ಉದ್ದ 19 ಬಂದರೆ 9,196, ಅದನ್ನು 660ರಿಂದ ಭಾಗಿಸಿದರೆ ಹೆಚ್ಚೂಕಡಿಮೆ 14 ಕೆಜಿ. ಟೇಪನ್ನು ಉಣ್ಣೆ ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ಉಣ್ಣೆಯನ್ನೇ ಅಳೆದಂತಾಗುತ್ತೆ. ಇದು ಅಂದಾಜೇ, ಆದರೂ ಎತ್ತಿ ನೋಡೋದಕ್ಕಿಂತ ವಾಸಿ. ಸಂತೆ ದಿನ ಹೊಟ್ಟೆ ತುಂಬ ನೀರು ಕುಡಿಸಿ ತಂದಿರ್ತಾರೆ ಅನ್ನೋದೂ ತಲೇಲಿರಲಿ.

ದಿನಕ್ಕೆ ನೂರು ಗ್ರಾಂ ಬೆಳೀಬೇಕು

ನಮ್ಮ ಕಡೆ ಸಿಗೋ ಬಳ್ಳಾರಿ, ಡೆಕ್ಕನಿ ಮರಿಗಳು ಚೆನ್ನಾಗಿ ಮೇಯಿಸಿದರೆ ದಿನಕ್ಕೆ ನೂರು ಗ್ರಾಂ ಆಸುಪಾಸು ಬೆಳೆಯುತ್ತವೆ. ಅಂದರೆ ತಿಂಗಳಿಗೆ ಮೂರು ಕೆಜಿ. ಅದೇ ಮರಿ ದಿನಕ್ಕೆ 60 ಗ್ರಾಂ ಮಾತ್ರ ಬೆಳೆದರೆ? ನಾಲ್ಕು ತಿಂಗಳಿಗೆ 21 ಕೆಜಿ ಚಿಲ್ಲರೆ, ಕೈಗೆ 7,844. ಖರ್ಚು 7,905. ಕೂಲಿ ಬಿಟ್ಟು ಲೆಕ್ಕ ಹಾಕಿದರೂ ಅರವತ್ತು ರೂಪಾಯಿ ಕೈಯಿಂದ ಹೋಯ್ತು. ಟಗರು ನೋಡೋಕೆ ಚೆನ್ನಾಗೇ ಇರುತ್ತೆ, ಕಣ್ಣಿಗೆ ವ್ಯತ್ಯಾಸ ಕಾಣಲ್ಲ. ಅದಕ್ಕೇ ತಿಂಗಳಿಗೊಮ್ಮೆ ಬೆಳಿಗ್ಗೆ ಮೇವು ಹಾಕುವ ಮುಂಚೆ ತೂಗಿ, ಕಿವಿ ಓಲೆ ನಂಬರಿನ ಜೊತೆ ಫೋನಲ್ಲಿ ಬರೆದಿಡಿ. ತಿಂಗಳಿಗೆ ಎರಡು ಕೆಜಿಯೂ ಏರದ ಮರಿ ಇದ್ದರೆ ಕೆಳರೆಪ್ಪೆ ಬಿಡಿಸಿ ನೋಡಿ. ಬಿಳಿಚಿದ್ದರೆ ರಕ್ತ ಹೀರೋ ಜಂತುಹುಳು ಇರುವ ಸಾಧ್ಯತೆ ಜಾಸ್ತಿ. ಹಿಕ್ಕೆಯನ್ನು ಪಶು ಆಸ್ಪತ್ರೆಗೆ ಒಯ್ದು ಪರೀಕ್ಷೆ ಮಾಡಿಸಿಯೇ ಔಷಧಿ ಹಾಕಿ. ಮದ್ದು ಕೊಟ್ಟ ಮೇಲೂ ಏರದಿದ್ದರೆ ಅದನ್ನು ಮಾರಿಬಿಡಿ, ಮಮತೆ ಬೇಡ.

ದಾಣಿ ಮನೇಲೇ ಮಾಡಿ. ನೂರು ಕೆಜಿಗೆ ಮೆಕ್ಕೆಜೋಳದ ನುಚ್ಚು 50, ಶೇಂಗಾ ಹಿಂಡಿ 20, ಗೋಧಿ ಬೂಸಾ ಇಲ್ಲವೇ ತೊಗರಿ ಚುನ್ನಿ 27, ಖನಿಜ ಮಿಶ್ರಣ 2, ಉಪ್ಪು 1. ಹುಡುಗನಿಗೆ ಬೀಸಿದ ಕೂಲಿ ಸೇರಿ ಕೆಜಿಗೆ 30 ಬಿತ್ತು. ಮೆಕ್ಕೆಜೋಳಕ್ಕೆ 2025-26ರ ಬೆಂಬಲ ಬೆಲೆ ಕ್ವಿಂಟಾಲಿಗೆ 2,400. ಕಟಾವಿನ ಹೊತ್ತಲ್ಲಿ ನಮ್ಮ ಮಾರುಕಟ್ಟೆಯಲ್ಲಿ ಅದಕ್ಕಿಂತ ಕೆಳಗೆ ಕೇಳಿದರೆ ಅಷ್ಟಕ್ಕೆ ಕೊಡುವ ಬದಲು ಐದಾರು ಚೀಲ ಟಗರಿಗೆ ಇಟ್ಟುಕೊಳ್ಳಿ. ಚೀಲಕ್ಕೆ ಬೂಷ್ಟು ಹಿಡಿದಿದ್ದರೆ ಮಾತ್ರ ಬೇಡ.

ತಂದ ಮರಿಗೆ ಮೊದಲ ದಿನವೇ 300 ಗ್ರಾಂ ಸುರಿಯೋದು ಎಲ್ಲರೂ ಮಾಡೋ ತಪ್ಪು. ಬಯಲಲ್ಲಿ ಹುಲ್ಲು ತಿಂದ ಹೊಟ್ಟೆಗೆ ಕಾಳು ಬಿದ್ದರೆ ಹುಳಿ ಏರಿ, ಮೇವು ಬಿಟ್ಟು, ಎರಡೇ ದಿನದಲ್ಲಿ ಮಲಗಿಬಿಡುತ್ತೆ. 50 ಗ್ರಾಂನಿಂದ ಶುರು ಮಾಡಿ ಎರಡು ವಾರದಲ್ಲಿ ಏರಿಸಿ. ಕಾಳು ತಿನ್ನೋ ಟಗರಿಗೆ ಮೂತ್ರದಲ್ಲಿ ಕಲ್ಲು ಕಟ್ಟುವುದೂ ಉಂಟು. ನೀರು ಸದಾ ಇರಲಿ, ಉಪ್ಪು ತಪ್ಪಿಸಬೇಡಿ, ಶೇಂಗಾ ಹೊಟ್ಟು ದಿನಾ ಇರಲಿ.

ಹಸಿ ಮೇವಿಗೆ ಹೊಸದುರ್ಗದ ತೆಂಗಿನ ತೋಟದವರು ಸಾಲಿನ ನಡುವೆ ಬೇಲಿ ಮೆಂತ್ಯ, ಹಲಸಂದೆ ಹಾಕಬಹುದು. ಹಿರಿಯೂರಿನಲ್ಲಿ ನಾಲೆ ನೀರಿರೋರಿಗೆ ಇದೇ ಸುಲಭ, ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮೇವಿನ ತಳಿಗಳ ಬಗ್ಗೆ ವಿಚಾರಿಸಿ. ಮಳೆಯಿಲ್ಲದೆ ಬಾಡಿದ ಎಳೆ ಜೋಳವನ್ನು ಕೊಯ್ದು ಹಾಕಬೇಡಿ, ಅದರಲ್ಲಿ ವಿಷ ಇರುತ್ತೆ. ಔಷಧಿ ಹೊಡೆದ ಮೆಕ್ಕೆಜೋಳದ ಗರಿಯೂ ಬೇಡ.

ರೋಗ

ಹೊಸ ಮರಿಗಳನ್ನು ಹದಿನೈದು ದಿನ ಹಳೇ ಕುರಿಗಳಿಂದ ದೂರ ಕಟ್ಟಿ. ಮೂರ್ನಾಲ್ಕು ದಿನ ಸುಧಾರಿಸಿಕೊಂಡ ಮೇಲೆ ಜಂತುಹುಳು ಔಷಧಿ, ಆಮೇಲೆ ಲಸಿಕೆ. ಕರುಳು ಬೇನೆ ಲಸಿಕೆ ಮಾತ್ರ ಬಿಡಲೇಬೇಡಿ. ಚೆನ್ನಾಗಿ ತಿಂದು ಕೊಬ್ಬಿದ ಮರಿಯನ್ನೇ ಅದು ರಾತ್ರೋರಾತ್ರಿ ಹೊಡೆಯೋದು. ಮೊದಲ ಸಲ ಹಾಕಿದ್ದಾದರೆ ಎರಡು ಮೂರು ವಾರಕ್ಕೆ ಇನ್ನೊಂದು ಡೋಸ್ ಬೇಕು. ಹಿರೇಬೇನೆ ಅಂದರೆ ಪಿಪಿಆರ್ ಲಸಿಕೆ ಆಗಿದೆಯಾ ಅಂತ ಮಾರಿದವರನ್ನು ಕೇಳಿ, ಆದರೆ ನಂಬಬೇಡಿ, ಡಾಕ್ಟರನ್ನು ಕೇಳಿ ಹಾಕಿಸಿ. ತುರ್ತಿಗೆ 1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ಗಾಡಿ ಬರುತ್ತೆ. ಅಕಸ್ಮಾತ್ ಕುರಿ ಸತ್ತರೆ ಹೂಳುವ ಮುಂಚೆ ಪಶುವೈದ್ಯರಿಗೆ ತಿಳಿಸಿ. ಅವರ ವರದಿ ಇಲ್ಲದೆ ಅನುಗ್ರಹ ಯೋಜನೆಯ ಪರಿಹಾರಕ್ಕೆ ಅರ್ಜಿ ನಿಲ್ಲಲ್ಲ.

ಇನ್ನು ಸಬ್ಸಿಡಿ ಬರುತ್ತೆ ಅಂತ ಲಕ್ಷಗಟ್ಟಲೆ ಸುರಿದು ಶೆಡ್ ಕಟ್ಟಬೇಡಿ. ರಾಷ್ಟ್ರೀಯ ಜಾನುವಾರು ಮಿಷನ್ನಿನ ಶೇ. 50 ಸಹಾಯಧನ ಶುರುವಾಗೋದೇ 100 ಹೆಣ್ಣು, 5 ಟಗರಿನ ಸಾಕಣೆ ಘಟಕದಿಂದ. ಮನೆ ಹಿಂದಿನ ಹತ್ತು ಮರಿಗೆ ಅದು ಅನ್ವಯಿಸಲ್ಲ.

ಯಾವಾಗ ಮಾರೋದು, ಒಂದನ್ನು ಮನೆಗೇ ಇಟ್ಟುಕೊಂಡರೆ?

26 ಕೆಜಿ ಟಗರು ಕೊಯ್ದರೆ ಸುಮಾರು 12 ಕೆಜಿ ಮಾಂಸ, ತಲೆಕಾಲು, ಬೋಟಿ ಬೇರೆ. 7,905ನ್ನು 12ರಿಂದ ಭಾಗಿಸಿದರೆ ಕೆಜಿಗೆ 659 ಬೀಳುತ್ತೆ, ಕೂಲಿ ಸೇರಿದರೆ 734. ನಿಮ್ಮೂರಿನ ಮಟನ್ ದರ ಇದರ ಪಕ್ಕ ಇಟ್ಟು ನೋಡಿ. ಯುಗಾದಿ ಮಾರನೇ ದಿನ ಹೊಸತೊಡಕಿಗೆ ನಾಲ್ಕು ಮನೆಯವರು ಸೇರಿ ಗುಡ್ಡೆ ಹಾಕಿ ಹಂಚಿಕೊಂಡರೆ ನಡುವಿನ ವ್ಯಾಪಾರಿ ಇಲ್ಲ, ನಿಮಗೂ ಒಂದು ಗುಡ್ಡೆ ಉಳಿಯುತ್ತೆ.

ಮಾರೋದಾದರೆ ಕ್ಯಾಲೆಂಡರ್ ನೋಡಿ ಮರಿ ತನ್ನಿ. ಬಕ್ರೀದ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಬರುತ್ತೆ. 2025ರಲ್ಲಿ ಜೂನ್ 7ಕ್ಕೆ ಇತ್ತು, 2026ಕ್ಕೆ ಮೇ ಕೊನೆ ವಾರ. ಆದರೆ ಕುರ್ಬಾನಿಗೆ ಸಾಮಾನ್ಯವಾಗಿ ವರ್ಷ ತುಂಬಿದ, ಕೊಂಬು ಮುರಿಯದ, ಕುಂಟದ ಟಗರನ್ನೇ ಕೇಳ್ತಾರೆ, ಎಂಟು ತಿಂಗಳ ಮರಿಗೆ ಆ ದರ ಸಿಗಲ್ಲ. ಅದಕ್ಕೆ ಎಂಟೊಂಬತ್ತು ತಿಂಗಳ ಮರಿಯನ್ನೇ ತರಬೇಕು. ದರದಲ್ಲಿ ಕೆಜಿಗೆ 50 ಹೆಚ್ಚು ಸಿಕ್ಕರೂ 26 ಕೆಜಿಗೆ 1,300, ಅಂದರೆ ಹುಡುಗನ ಲಾಭಕ್ಕಿಂತ ಜಾಸ್ತಿ. ಶ್ರಾವಣದಲ್ಲಿ ಬಹಳ ಮನೆಗಳಲ್ಲಿ ಮಾಂಸ ಬಿಡ್ತಾರೆ, ದರ ಇಳಿಯುತ್ತೆ. ಅದು ಮಾರೋ ಕಾಲ ಅಲ್ಲ, ಮರಿ ಕೊಳ್ಳೋ ಕಾಲ.

ಹುಡುಗ ಈ ಸಲ ಹತ್ತರ ಬದಲು ಆರೇ ಮರಿ ತರ್ತಾನಂತೆ, ಶ್ರಾವಣದಲ್ಲೇ. ತಕ್ಕಡಿ ಆಗಲೇ ತರಿಸಿದ್ದಾನೆ.