ದೇಸೂರಿನ ದಾಖಲೆ ಯಾರ ಮನೆಯ ಡಿಸ್ಕ್‌ನಲ್ಲಿದೆ? ಬ್ಯಾಕಪ್ ಕೈಕೊಡೋದು ಎಲ್ಲೆಲ್ಲಿ

ಬೆಳಗಾವಿಯಿಂದ ಖಾನಾಪುರದ ಕಡೆ ಹೋಗುವ ರೈಲು ಹಳಿಯ ಮೇಲೆ ದೇಸೂರ ಅಂತ ಒಂದು ಸಣ್ಣ ಸ್ಟೇಷನ್ ಇದೆ. ಧಾರವಾಡದಿಂದ ಕಿತ್ತೂರು ಮೇಲೆ ಬರಲಿರುವ ಸುಮಾರು 73 ಕಿ.ಮೀ. ಹೊಸ ಮಾರ್ಗ ಹಳೇ ಹಳಿಗೆ ಕೂಡಿಕೊಳ್ಳೋದು ಇಲ್ಲೇ ಅನ್ನೋದು ಯೋಜನೆ. ಫಲವತ್ತಾದ ಭೂಮಿ ಕೈಬಿಟ್ಟು ಹೋಗುತ್ತೆ ಅಂತ ದೇಸೂರ, ಗರ್ಲಗುಂಜಿ, ನಂದಿಹಳ್ಳಿ ಭಾಗದ ರೈತರು ಇದಕ್ಕೆ ತಕರಾರು ಎತ್ತಿದ್ದಾರೆ.

ಆ ಮಾರ್ಗ ಎಲ್ಲಿ ಹೋಗಬೇಕು ಅನ್ನೋ ಚರ್ಚೆ ಬೇರೆ ದಿನಕ್ಕಿರಲಿ. ಇಂಥ ಯಾವುದೇ ಜಗಳದಲ್ಲಿ ಕೊನೆಗೆ ಲೆಕ್ಕಕ್ಕೆ ಬರೋದು ಕಾಗದ: ಉತಾರ, ನೋಟಿಸು, ಆಕ್ಷೇಪಣೆ ಅರ್ಜಿಯ ಸ್ವೀಕೃತಿ, ಮಾಹಿತಿ ಹಕ್ಕಿನಲ್ಲಿ ಬಂದ ಉತ್ತರ, ಸರ್ವೆಗೆ ಬಂದ ದಿನದ ವಿಡಿಯೊ. ಬೆಳಗಾವಿ 1956ರವರೆಗೆ ಮುಂಬೈ ರಾಜ್ಯದಲ್ಲಿದ್ದ ಕಾರಣ ಇಲ್ಲಿನ ಹಳೇ ಕಾಗದಪತ್ರ ಮರಾಠಿಯಲ್ಲೂ ಇವೆ, ಕೆಲವು ಮೋಡಿ ಲಿಪಿಯಲ್ಲಿವೆ. ಈಗ ಇಂಥದ್ದನ್ನೆಲ್ಲ ಊರಿನ ಹುಡುಗರು ಸ್ಕ್ಯಾನ್ ಮಾಡಿ ಇಟ್ಟುಕೊಳ್ತಾರೆ. ಎಲ್ಲಿ? ಸಾಮಾನ್ಯವಾಗಿ ಯಾರದೋ ಮನೆಯ ಮೂಲೆಯಲ್ಲಿರುವ, ಲಿನಕ್ಸ್ ಹಾಕಿದ ಹಳೇ ಡೆಸ್ಕ್‌ಟಾಪ್‌ನಲ್ಲಿ. ಅದೇ ಹೋಮ್ ಸರ್ವರ್. ಅದಕ್ಕೊಂದು ಯುಎಸ್‌ಬಿ ಹಾರ್ಡ್ ಡಿಸ್ಕ್ ಸಿಕ್ಕಿಸಿ, ರಾತ್ರಿ ತಾನೇ ಕಾಪಿ ಆಗೋ ಹಾಗೆ ಮಾಡಿಟ್ಟರೆ ಅದೇ ಬ್ಯಾಕಪ್.

ಈ ಏರ್ಪಾಡು ಒಳ್ಳೆಯದೇ. ತೊಂದರೆ ಏನಂದ್ರೆ, ಬ್ಯಾಕಪ್ ಕೆಡುವಾಗ ಸದ್ದು ಮಾಡಲ್ಲ. ಕೆಟ್ಟಿದೆ ಅಂತ ಗೊತ್ತಾಗೋದು ಅದು ಬೇಕಾದ ದಿನವೇ. ಹಾಗಾಗಿ ಎಲ್ಲೆಲ್ಲಿ ಕೆಡುತ್ತೆ, ಯಾವ ಕ್ರಮದಲ್ಲಿ ಹುಡುಕಬೇಕು ಅನ್ನೋದನ್ನು ಒಮ್ಮೆ ನೋಡಿಬಿಡೋಣ.

ಮೊದಲು ಲಾಗ್ ಓದಿ

ಕಾಪಿ ನಿಂತಾಗ ನಾವು ಮಾಡುವ ಮೊದಲ ಕೆಲಸ, ಮತ್ತೊಮ್ಮೆ ಅದೇ ಕಮಾಂಡ್ ಒತ್ತೋದು. ಬೇಡ, ಮೊದಲು ಅದು ಏನು ಹೇಳಿ ನಿಂತಿದೆ ನೋಡಿ. ಲಿನಕ್ಸ್‌ನಲ್ಲಿ ಹೆಚ್ಚಿನವರು ಬಳಸುವ ಆರ್‌ಸಿಂಕ್ ಪ್ರತಿ ಸಲ ಒಂದು ಸಂಖ್ಯೆ ಬಿಟ್ಟು ಹೋಗುತ್ತೆ. 0 ಅಂದ್ರೆ ತನ್ನ ಕೆಲಸ ಮುಗಿಸಿದೆ. 23 ಅಂದ್ರೆ ಕೆಲವು ಫೈಲು ಹೋಗಿಲ್ಲ. 24 ಅಂದ್ರೆ ಕಾಪಿ ಆಗೋ ಹೊತ್ತಿಗೆ ಕೆಲವು ಫೈಲು ಮೂಲದಲ್ಲೇ ಮಾಯ ಆಗಿವೆ. 23 ಬಂದರೂ ಸಾವಿರಾರು ಫೈಲು ಸರಿಯಾಗಿ ಹೋಗಿರುತ್ತವೆ, ಫೋಲ್ಡರ್ ತುಂಬಿದಂತೆ ಕಾಣುತ್ತೆ. ಬಿಟ್ಟುಹೋದ ಹನ್ನೆರಡು ಫೈಲು ಯಾವುವು ಅನ್ನೋದು ಲಾಗ್‌ಗೆ ಮಾತ್ರ ಗೊತ್ತು.

ಲಾಗ್‌ನಲ್ಲಿ ಸಿಗುವ ಸಾಲುಗಳು ಮುಖ್ಯವಾಗಿ ನಾಲ್ಕು. ‘ನೋ ಸ್ಪೇಸ್ ಲೆಫ್ಟ್’ ಅಂದ್ರೆ ಜಾಗ ಇಲ್ಲ. ‘ಪರ್ಮಿಶನ್ ಡಿನೈಡ್’ ಅಂದ್ರೆ ಬ್ಯಾಕಪ್ ಓಡಿಸುವ ಯೂಸರ್‌ಗೆ ಆ ಫೈಲ್ ಓದುವ ಅಥವಾ ಆ ಕಡೆ ಬರೆಯುವ ಹಕ್ಕಿಲ್ಲ. ‘ಫೈಲ್ ನೇಮ್ ಟೂ ಲಾಂಗ್’ ಅಂದ್ರೆ ಹೆಸರು ಉದ್ದ. ‘ಇನ್‌ಪುಟ್ ಔಟ್‌ಪುಟ್ ಎರರ್’ ಅಂದ್ರೆ ಡಿಸ್ಕೋ ಕೇಬಲ್ಲೋ ಕೈಕೊಡ್ತಿದೆ. ಕೊನೆಯದು ಕಂಡರೆ ಬೇರೆಲ್ಲ ಬಿಟ್ಟು ಅದನ್ನೇ ಮೊದಲು ನೋಡಬೇಕು.

ಡಿಸ್ಕ್ ಸಾಯ್ತಿದೆಯಾ, ಕೇಬಲ್ ಸಡಿಲವಾ?

ಹಾರ್ಡ್ ಡಿಸ್ಕ್‌ಗಳು ತಮ್ಮ ಆರೋಗ್ಯದ ಲೆಕ್ಕವನ್ನು ತಾವೇ ಇಟ್ಟುಕೊಳ್ತವೆ. ಅದಕ್ಕೆ ಸ್ಮಾರ್ಟ್ ಅಂತ ಹೆಸರು, ಅದನ್ನು ಓದುವ ಉಚಿತ ಸಾಫ್ಟ್‌ವೇರ್‌ಗಳಿವೆ. ಅಲ್ಲಿನ ಉದ್ದ ಪಟ್ಟಿಯಲ್ಲಿ ಮೂರು ಸಾಲು ನೆನಪಿಟ್ಟುಕೊಳ್ಳಿ. 5 ಮತ್ತು 197ನೇ ಸಾಲಿನ ಅಂಕೆ ಏರ್ತಾ ಇದ್ರೆ ಡಿಸ್ಕಿನ ಮೇಲ್ಮೈಯೇ ಹಾಳಾಗ್ತಿದೆ. 199 ಏರ್ತಿದ್ರೆ ಮೊದಲು ಕೇಬಲ್ ಬದಲಿಸಿ ನೋಡಿ. ಹೊಸ ಡಿಸ್ಕಿಗೆ ದುಡ್ಡು ಸುರಿಯೋ ಮುಂಚೆ ಕೇಬಲ್ ಪರೀಕ್ಷೆ ಆಗಲೇಬೇಕು.

ಮೇಲ್ಮೈ ಹಾಳಾಗ್ತಿರುವ ಡಿಸ್ಕ್‌ನಿಂದ ಮತ್ತೆ ಮತ್ತೆ ಕಾಪಿಗೆ ಯತ್ನಿಸಬೇಡಿ. ಪ್ರತಿ ಯತ್ನವೂ ಅದರ ಉಳಿದ ಆಯಸ್ಸು ತಿನ್ನುತ್ತೆ. ಡಿಡಿರೆಸ್ಕ್ಯೂ ಥರದ ಟೂಲ್ ಓದಲು ಬರುವ ಭಾಗವನ್ನೆಲ್ಲ ಮೊದಲು ಎತ್ತಿಟ್ಟು, ಕೆಟ್ಟ ಭಾಗಕ್ಕೆ ಆಮೇಲೆ ಕೈ ಹಾಕುತ್ತೆ. ಫೈಲು ಹುಡುಕೋದು, ರಿಪೇರಿ ಮಾಡೋದು ಎಲ್ಲ ಆ ಎತ್ತಿಟ್ಟ ಪ್ರತಿಯ ಮೇಲೆ ಮಾಡಿ.

ಕರೆಂಟಿನದ್ದು ಇನ್ನೊಂದು ಕತೆ. ಪರದೆಯ ಮೇಲೆ 100 ಪರ್ಸೆಂಟ್ ಬಂದ ಕೂಡಲೇ ಫೈಲು ಡಿಸ್ಕ್ ಸೇರಿತು ಅಂತಲ್ಲ. ಲಿನಕ್ಸ್ ಅದನ್ನು ಸ್ವಲ್ಪ ಹೊತ್ತು ಮೆಮೊರಿಯಲ್ಲಿ ಹಿಡಿದುಕೊಂಡು, ನಿಧಾನಕ್ಕೆ ಬರೆಯುತ್ತೆ. ಮಳೆಗಾಲದಲ್ಲಿ ಖಾನಾಪುರದ ಕಡೆ ಕರೆಂಟ್ ಹೇಗೆ ಹೋಗಿಬರುತ್ತೆ ಅಂತ ಅಲ್ಲಿನವರಿಗೆ ಹೇಳಬೇಕಿಲ್ಲ. ಬರೆಯುವ ಮಧ್ಯೆ ಕರೆಂಟ್ ಹೋದರೆ ಫೈಲಿನ ಹೆಸರು ಇರುತ್ತೆ, ಒಳಗೆ ಅರ್ಧವೇ ಇರುತ್ತೆ. ಯುಎಸ್‌ಬಿ ಕೀಳುವ ಮುಂಚೆ ‘ಇಜೆಕ್ಟ್’ ಒತ್ತಿ ಅನ್ನೋದು ಇದಕ್ಕೇ. ಸರ್ವರ್‌ಗೆ ಮಾತ್ರವಲ್ಲ, ಬೇರೆ ಅಡಾಪ್ಟರ್ ಇರುವ ಹೊರಗಿನ ಡಿಸ್ಕಿಗೂ ಯುಪಿಎಸ್‌ನಿಂದಲೇ ಕರೆಂಟ್ ಕೊಡಿ.

ಇಲ್ಲದ ಡಿಸ್ಕಿಗೆ ಬ್ಯಾಕಪ್

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡೋದು ಇದು. ಲಿನಕ್ಸ್‌ನಲ್ಲಿ ಹೊರಗಿನ ಡಿಸ್ಕ್ ಒಂದು ಫೋಲ್ಡರಿನ ರೂಪದಲ್ಲಿ ಕೂರುತ್ತೆ. ಇದನ್ನು ಮೌಂಟ್ ಆಗೋದು ಅಂತಾರೆ. ರಾತ್ರಿ ಕರೆಂಟ್ ಹೋಗಿ ಬಂದಾಗ ಡಿಸ್ಕ್ ಮೌಂಟ್ ಆಗದೇ ಹೋಯ್ತು ಅಂತಿಟ್ಟುಕೊಳ್ಳಿ. ಫೋಲ್ಡರ್ ಮಾತ್ರ ಹಾಗೇ ಖಾಲಿ ಇರುತ್ತೆ. ಬ್ಯಾಕಪ್ ಅದರೊಳಗೇ ಬರೆಯುತ್ತೆ, ಅಂದ್ರೆ ಸರ್ವರಿನ ಸ್ವಂತ ಡಿಸ್ಕಿಗೇ. ಸಂಖ್ಯೆಯೂ 0 ಬರುತ್ತೆ. ಮೂಲವೂ ಪ್ರತಿಯೂ ಒಂದೇ ಡಿಸ್ಕಿನಲ್ಲಿ. ಕೆಲ ವಾರದಲ್ಲಿ ಸರ್ವರ್ ಜಾಗ ತುಂಬಿ ನಿಂತಾಗಲೇ ಅನುಮಾನ ಬರೋದು. ಆಮೇಲೆ ಡಿಸ್ಕ್ ಮೌಂಟ್ ಮಾಡಿದರೆ ಆ ಫೈಲುಗಳು ಅದರ ಕೆಳಗೆ ಮುಚ್ಚಿಹೋಗಿ ಕಣ್ಣಿಗೂ ಬೀಳಲ್ಲ.

ಪರಿಹಾರ ಸರಳ. ಬ್ಯಾಕಪ್ ಸ್ಕ್ರಿಪ್ಟಿನ ಮೊದಲ ಸಾಲಿನಲ್ಲೇ ‘ಡಿಸ್ಕ್ ಮೌಂಟ್ ಆಗಿದೆಯಾ’ ಅಂತ ಕೇಳಿಸಿ. ಇಲ್ಲ ಅಂದ್ರೆ ಅಲ್ಲೇ ನಿಲ್ಲಲಿ, ನಿಮ್ಮ ಫೋನಿಗೆ ಮೆಸೇಜ್ ಬರಲಿ.

ಕನ್ನಡ ಹೆಸರಿನ ತೂಕ

ಇಂಗ್ಲಿಷ್ ಕೈಪಿಡಿಗಳು ಹೇಳದ, ನಮಗೇ ಬರುವ ತೊಂದರೆ ಇದು. ಲಿನಕ್ಸ್‌ನ ಸಾಮಾನ್ಯ ಫೈಲ್ ಸಿಸ್ಟಮ್‌ನಲ್ಲಿ ಹೆಸರಿನ ಗರಿಷ್ಠ ಉದ್ದ 255 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಯುನಿಕೋಡ್ ಕನ್ನಡದಲ್ಲಿ ವ್ಯಂಜನ, ಸ್ವರಚಿಹ್ನೆ, ಸೊನ್ನೆ, ಒತ್ತಕ್ಷರ ಹುಟ್ಟಿಸುವ ವಿರಾಮ, ಪ್ರತಿಯೊಂದಕ್ಕೂ 3 ಬೈಟ್. ‘ದೇಸೂರ’ ಅನ್ನೋ ಮೂರಕ್ಷರಕ್ಕೆ 15 ಬೈಟ್, ‘ಗರ್ಲಗುಂಜಿ’ಗೆ 27. ಒಂದು ‘ಕ್ಷ’ಗೆ 9. ಅಂದ್ರೆ ನಿಮಗೆ ಸಿಗೋದು ಒಟ್ಟು 85 ಚಿಹ್ನೆ. ವಿಂಡೋಸ್ ಲೆಕ್ಕ ಬೇರೆ, ಅಲ್ಲಿ ಕನ್ನಡದ 255 ಚಿಹ್ನೆವರೆಗೆ ನಡೆಯುತ್ತೆ. ಹಾಗಾಗಿ ಲ್ಯಾಪ್‌ಟಾಪ್‌ನಲ್ಲಿ ‘ಭೂಸ್ವಾಧೀನ ಆಕ್ಷೇಪಣೆ ಅರ್ಜಿ ಸ್ವೀಕೃತಿ ಪ್ರತಿ…’ ಅಂತ ಉದ್ದಕ್ಕೆ ಹೆಸರಿಟ್ಟ ಫೈಲ್ ಅಲ್ಲಿ ಚೆನ್ನಾಗಿ ತೆರೆಯುತ್ತೆ, ಸರ್ವರ್‌ಗೆ ಮಾತ್ರ ಹೋಗಲ್ಲ. ದೇವನಾಗರಿಯಲ್ಲಿ ಬರೆದ ಮರಾಠಿ ಹೆಸರಿಗೂ ಇದೇ ಗತಿ.

ಇನ್ನೊಂದು ಸೂಕ್ಷ್ಮ ಇದೆ. ‘ದೇ’ಯ ದೀರ್ಘವನ್ನು ಯುನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘ ಅಂತ ಎರಡಾಗಿ ಒಡೆದೂ ಬರೆಯಬಹುದು. ಮ್ಯಾಕ್‌ನ ಹಳೇ ಫೈಲ್ ಸಿಸ್ಟಮ್ ಒಡೆದೇ ಬರೆಯುತ್ತಿತ್ತು. ಆಗ ‘ದೇಸೂರ’ 15ರ ಬದಲು 18 ಬೈಟ್. ಕಣ್ಣಿಗೆ ಎರಡೂ ಒಂದೇ, ಲಿನಕ್ಸ್‌ಗೆ ಎರಡು ಬೇರೆ ಬೇರೆ ಹೆಸರು. ಹಳೇ ಮ್ಯಾಕ್ ಡಿಸ್ಕಿನಿಂದ ತಂದ ಮೇಲೆ ಸರ್ವರ್‌ನಲ್ಲಿ ಒಂದೇ ಹೆಸರಿನ ಎರಡು ಫೋಲ್ಡರ್ ಕಂಡರೆ ಕಾರಣ ಇದೇ ಇರಬಹುದು. ಹಾಗಂತ ಎರಡರಲ್ಲಿ ಒಂದನ್ನು ನೋಡದೇ ಅಳಿಸಬೇಡಿ, ಒಳಗಿರೋದು ಬೇರೆ ಬೇರೆ ಇರಬಹುದು.

ಸರ್ವೆ ನಂಬರ್ ಬರೆಯುವಾಗಲೂ ಎಚ್ಚರ. 112/2ರ ಮಧ್ಯದ ಓರೆ ಗೆರೆ ಫೈಲಿನ ಹೆಸರಿನಲ್ಲಿ ನಡೆಯಲ್ಲ. ಅದರ ಬದಲು ಕೋಲನ್ ಹಾಕಿದರೆ ಲಿನಕ್ಸ್ ಒಪ್ಪುತ್ತೆ, ಪೆನ್‌ಡ್ರೈವ್ ಒಪ್ಪಲ್ಲ. ಅಡ್ಡಗೆರೆ ಬಳಸಿ: ದಿನಾಂಕ, ಊರು, ಸರ್ವೆ ನಂಬರ್, ಅಷ್ಟೇ. ಉಳಿದ ವಿವರಕ್ಕೆ ಒಂದು ಎಕ್ಸೆಲ್ ಪಟ್ಟಿ ಇಡಿ.

ಹೆಸರು ಸರಿಯಿದ್ದರೂ ದೊಡ್ಡ ಫೈಲು ನಿಲ್ತಾ ಇದ್ದರೆ ಡಿಸ್ಕಿನ ಫಾರ್ಮ್ಯಾಟ್ ನೋಡಿ. ಫ್ಯಾಟ್32 ಆಗಿದ್ದರೆ 4 ಜಿಬಿ ಮುಟ್ಟುವ ಒಂದು ಫೈಲನ್ನೂ ಅದು ತಗೊಳ್ಳಲ್ಲ, ಜಾಗ ಎಷ್ಟೇ ಖಾಲಿ ಇರಲಿ. ಗ್ರಾಮಸಭೆಯ ಪೂರ್ತಿ ರೆಕಾರ್ಡಿಂಗ್ ಆ ಮಿತಿಯನ್ನು ಸುಲಭವಾಗಿ ದಾಟುತ್ತೆ. ಎಕ್ಸ್‌ಫ್ಯಾಟ್‌ಗೆ ಬದಲಿಸಬಹುದು. ಆದರೆ ಫಾರ್ಮ್ಯಾಟ್ ಬದಲಿಸಿದರೆ ಒಳಗಿದ್ದದ್ದೆಲ್ಲ ಹೋಗುತ್ತೆ, ಮೊದಲು ಬೇರೆಡೆ ಎತ್ತಿಡಿ.

ಅಳಿಸಿದ್ದನ್ನೂ ಕಾಪಿ ಮಾಡುವ ಬ್ಯಾಕಪ್

ಎರಡು ಡಿಸ್ಕ್ ಕನ್ನಡಿಯ ಹಾಗೆ ಒಂದೇ ಥರ ಇರುವಂತೆ ಮಾಡಿಟ್ಟು ‘ನಮ್ಮದು ಸೇಫ್’ ಅನ್ನೋರು ಬಹಳ. ಒಂದು ಡಿಸ್ಕ್ ಸತ್ತರೆ ಇನ್ನೊಂದು ಕಾಪಾಡುತ್ತೆ, ಸರಿ. ಆದರೆ ಯಾರೋ ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಕನ್ನಡಿಯಲ್ಲೂ ಅಳಿಯುತ್ತೆ. ಸಿಂಕ್ ಆಪ್‌ಗಳದ್ದೂ, ಅಳಿಸುವ ಆಯ್ಕೆ ಹಾಕಿದ ಆರ್‌ಸಿಂಕ್‌ನದ್ದೂ ಇದೇ ಗುಣ. ಬ್ಯಾಕಪ್ ಅಂದ್ರೆ ಹಿಂದಿನ ದಿನಾಂಕಕ್ಕೆ ಹೋಗಲು ಬರಬೇಕು. ನಿನ್ನೆಯದು, ಹೋದ ವಾರದ್ದು, ಹೋದ ತಿಂಗಳದ್ದು ಬೇರೆ ಬೇರೆ ಉಳಿಯಬೇಕು. ರೆಸ್ಟಿಕ್, ಬೋರ್ಗ್ ಥರದ ಉಚಿತ ಟೂಲ್‌ಗಳು ಬದಲಾದ ಭಾಗವನ್ನಷ್ಟೇ ಉಳಿಸಿಕೊಂಡು ಇದನ್ನು ಕಡಿಮೆ ಜಾಗದಲ್ಲಿ ಮಾಡ್ತವೆ.

ಒಂದು ಪ್ರತಿ ಆ ಮನೆಯಿಂದ ಹೊರಗಿರಲಿ. ಇದು ಬಡವರ ಸರ್ವರ್‌ಗೆ ಮಾತ್ರ ಹೇಳೋ ಮಾತಲ್ಲ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರಿ ಡೇಟಾ ಸೆಂಟರ್‌ಗೆ ಬೆಂಕಿ ಬಿತ್ತು. ಸರ್ಕಾರಿ ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವ್‌ನ 858 ಟೆರಾಬೈಟ್ ಸುಟ್ಟುಹೋಯ್ತು. ಹೊರಗಡೆ ಅದರ ಬ್ಯಾಕಪ್ ಇರಲಿಲ್ಲ, ಗಾತ್ರ ದೊಡ್ಡದು ಅನ್ನೋ ಕಾರಣಕ್ಕೆ.

ಹೊರಗಿನ ಪ್ರತಿಯನ್ನು ಎನ್‌ಕ್ರಿಪ್ಟ್ ಮಾಡಿ. ಅದರಲ್ಲಿ ಊರವರ ಆಧಾರ್ ನಂಬರ್, ಫೋನ್ ನಂಬರ್, ಸಹಿ ಇರುತ್ತೆ, ಕಂಡವರ ಕೈಗೆ ಸಿಗಬಾರದು. ಪಾಸ್‌ವರ್ಡ್ ಮಾತ್ರ ಇಬ್ಬರಿಗೆ ಗೊತ್ತಿರಲಿ. ಒಬ್ಬರೇ ಇದ್ದು ಅವರು ಮರೆತರೆ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

ಕೋರ್ಟ್ ಕೇಳುವ ಹ್ಯಾಶ್

2014ರ ಮಹಾರಾಷ್ಟ್ರ ವಿಧಾನಸಭಾ ಚುನಾವಣೆಯಲ್ಲಿ ಜಾಲ್ನಾದ ನಾಮಪತ್ರ ಗಡುವು ಮೀರಿ ಬಂತೇ ಅನ್ನೋ ವಿವಾದ ವಿಡಿಯೊ ದೃಶ್ಯದ ಮೇಲೆ ನಿಂತಿತ್ತು. ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಪ್ರಕರಣ ಅಂತ ಹೆಸರಾದ ಆ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2020ರ ಜುಲೈ 14ರಂದು ಹೇಳಿದ್ದು: ಮೂಲ ಸಾಧನವನ್ನೇ ತಂದು ತೋರಿಸದಿದ್ದರೆ, ಪ್ರತಿಯ ಜೊತೆ ಕಾನೂನು ಹೇಳಿದ ಪ್ರಮಾಣಪತ್ರ ಬೇಕೇ ಬೇಕು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಒಂದು ಹೆಜ್ಜೆ ಮುಂದೆ ಹೋಗಿದೆ. ಅದರ ಪ್ರಮಾಣಪತ್ರದ ನಮೂನೆಯಲ್ಲಿ ಫೈಲಿನ ಹ್ಯಾಶ್ ಬರೆಯುವ ಜಾಗ ಇದೆ.

ಹ್ಯಾಶ್ ಅಂದ್ರೆ ಫೈಲಿನ ಬೆರಳಚ್ಚು. ಫೈಲಿನ ಒಂದೇ ಒಂದು ಬಿಟ್ ಬದಲಾದರೂ ಇಡೀ ಸಂಖ್ಯೆ ಬದಲಾಗುತ್ತೆ. ಫೈಲು ಫೋನಿನಿಂದ ಸರ್ವರ್‌ಗೆ ಬಂದ ದಿನವೇ ಎಸ್‌ಎಚ್‌ಎ-256 ಹ್ಯಾಶ್ ಪಟ್ಟಿ ಮಾಡಿಟ್ಟರೆ ಅದರಿಂದ ಎರಡು ಲಾಭ. ಬ್ಯಾಕಪ್ ಪ್ರತಿಯ ಹ್ಯಾಶ್ ತೆಗೆದು ಹೋಲಿಸಿದರೆ ಕಾಪಿ ಸರಿಯಾಗಿದೆಯಾ ಅಂತ ಖಾತ್ರಿ ಆಗುತ್ತೆ, ಮುಂದೆ ವಕೀಲರಿಗೂ ಕೆಲಸಕ್ಕೆ ಬರುತ್ತೆ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊ, ವಿಡಿಯೊ ಕುಗ್ಗಿಹೋಗುತ್ತೆ, ಅದರ ಹ್ಯಾಶ್ ಮೂಲಕ್ಕೆ ಹೊಂದಲ್ಲ. ಮೂಲ ಫೈಲು ತೆಗೆದವರ ಫೋನಿನಿಂದಲೇ ಕೇಬಲ್ ಹಾಕಿ ಇಳಿಸಿಕೊಳ್ಳಿ.

ವಾಪಸ್ ತೆಗೆದು ನೋಡಿ

2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರು ತಪ್ಪಿ ಮುಖ್ಯ ಡೇಟಾಬೇಸ್ ಅಳಿಸಿದರು. ಬ್ಯಾಕಪ್ ವ್ಯವಸ್ಥೆ ಒಂದಲ್ಲ, ಹಲವು ಇದ್ದವು. ಮುಖ್ಯವಾದದ್ದು ವರ್ಷನ್ ಹೊಂದದೆ ವಿಫಲ ಆಗ್ತಿತ್ತು. ವಿಫಲ ಆಗಿದೆ ಅಂತ ತಿಳಿಸುವ ಇಮೇಲ್‌ಗಳೂ ತಿರಸ್ಕೃತವಾಗ್ತಿದ್ದವು. ಆರು ಗಂಟೆ ಮುಂಚೆ ಒಬ್ಬರು ಬೇರೆ ಕೆಲಸಕ್ಕೆ ತೆಗೆದಿಟ್ಟ ಪ್ರತಿ ಅವರನ್ನು ಉಳಿಸಿತು. ವೃತ್ತಿಪರರ ಕತೆಯೇ ಹೀಗಿದ್ದರೆ ನಮ್ಮ ಮನೆಯ ಸರ್ವರ್ ಲಾಗ್ ಯಾರು ನೋಡ್ತಾರೆ?

ಹಾಗಾಗಿ ತಿಂಗಳಿಗೊಂದು ಭಾನುವಾರ ಗೊತ್ತು ಮಾಡಿ. ಬ್ಯಾಕಪ್ ಡಿಸ್ಕನ್ನು ಸರ್ವರ್‌ನಿಂದ ಕಿತ್ತು ಬೇರೆ ಕಂಪ್ಯೂಟರಿಗೆ ಹಾಕಿ. ಐದು ಫೈಲು ಆರಿಸಿ: ಒಂದು ಹಳೇದು, ಒಂದು ಹೊಸದು, ಒಂದು ದೊಡ್ಡ ವಿಡಿಯೊ, ಒಂದು ಉದ್ದ ಕನ್ನಡ ಹೆಸರಿನದ್ದು, ಒಂದು ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು. ಕೊನೆಯದು ಬೈಟ್ ಬೈಟ್ ಸರಿಯಾಗಿ ಬಂದಿದ್ದರೂ ಫಾಂಟ್ ಇಲ್ಲದಿದ್ದರೆ ಚಿತ್ರವಿಚಿತ್ರ ಅಕ್ಷರ ಕಾಣುತ್ತೆ. ಆ ಫಾಂಟನ್ನೂ ಬ್ಯಾಕಪ್ ಜೊತೆಗೇ ಇಡಿ. ಐದೂ ತೆರೆದು, ಹ್ಯಾಶ್ ಹೊಂದಿ, ವಿಡಿಯೊ ಕೊನೆಯವರೆಗೂ ಓಡಿದರೆ ಆ ತಿಂಗಳ ಕೆಲಸ ಮುಗೀತು. ಇದನ್ನು ಸರ್ವರ್ ಕಟ್ಟಿದವರು ಮಾಡಬಾರದು, ಇನ್ನೊಬ್ಬರು ಮಾಡಬೇಕು. ಅವರು ಕೆಲಸಕ್ಕೆ ಅಂತ ಪುಣೆಗೋ ಬೆಂಗಳೂರಿಗೋ ಹೋದ ಮೇಲೂ ದಾಖಲೆ ಊರಿನಲ್ಲಿ ಉಳಿಯಬೇಕಲ್ಲ.

ಸರ್ಕಾರಿ ದಾಖಲೆಗಳಿಗೆ ಅಳಿಸುವ ದಿನಾಂಕ ಇರುತ್ತೆ. ಚುನಾವಣೆಯ ಸಿಸಿಟಿವಿ ದೃಶ್ಯಗಳನ್ನು, ತಕರಾರು ಅರ್ಜಿ ಇಲ್ಲದಿದ್ದರೆ, ಫಲಿತಾಂಶದ 45 ದಿನದ ನಂತರ ನಾಶ ಮಾಡಬಹುದು ಅಂತ ಚುನಾವಣಾ ಆಯೋಗ 2025ರ ಮೇ 30ರಂದು ಸೂಚಿಸಿತು. ಭೂಮಿಯ ಕೇಸುಗಳು ಅಷ್ಟು ಬೇಗ ಮುಗಿಯಲ್ಲ, ಹತ್ತಿಪ್ಪತ್ತು ವರ್ಷ ಎಳೆಯುತ್ತವೆ. ಒಂದು ಹಾರ್ಡ್ ಡಿಸ್ಕ್ ಅಷ್ಟು ವರ್ಷ ಬಾಳೋದನ್ನು ನೆಚ್ಚಿಕೊಳ್ಳೋಕಾಗಲ್ಲ. ಕೇಸು ಮುಗಿಯೋವರೆಗೆ ಪ್ರತಿಯಿಂದ ಪ್ರತಿಗೆ ಆ ಕಾಗದ ದಾಟಿಸುತ್ತಾ ಇರಬೇಕಾದವರು ನಾವೇ.